ಕೆಲಸ ಹೋದಾಗ ಸಹಿ ಹಾಕುವ ಮುನ್ನ

ಬಳ್ಳಾರಿ ತಾಲೂಕಿನ ರೂಪನಗುಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವವನು ನಾನು. ಕರಾವಳಿಯಲ್ಲಿ ನಮ್ಮನ್ನು ಉಸ್ತಾದ್ ಅಂತಾರೆ, ಇಲ್ಲಿ ಹಜರತ್. ಕರೆಯುವ ಹೆಸರು ಬೇರೆ ಇರಬಹುದು. ಕಷ್ಟ ಬಂದಾಗ ಜನ ಬಾಗಿಲು ತಟ್ಟುವುದು ಮಾತ್ರ ಎರಡೂ ಕಡೆ ಒಂದೇ.

ಕಳೆದ ವರ್ಷ ಒಬ್ಬ ಯುವಕ ಬಂದ. ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ದುಡಿದವನು.

"ಹಜರತ್, ಕೆಲಸ ಹೋತ್ರಿ. ಆರ್ಡರ್ ಇಲ್ಲ ಅಂತ ನಮ್ಮನ್ನ ಬಿಡಿಸಿದ್ರು. ಮಸೀದಿ ಕಮಿಟಿಯಿಂದ ಏನಾದ್ರೂ ಸಹಾಯ ಆಗ್ತೈತೇನ್ರಿ?"

"ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರಾ?" ಅಂತ ಕೇಳಿದೆ.

"ಹೌದ್ರಿ, ತಿಂಗಳಾ ತಿಂಗಳಾ ಹಿಡೀತಿದ್ರು. ಅದು ಆಸ್ಪತ್ರೆಗಲ್ಲೇನ್ರಿ?"

ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ ಇಷ್ಟೇ. ಕೆಲಸ ಹೋದರೆ ಸರಕಾರ ಏನು ಕೊಡುತ್ತದೆ ಅಂತ ಕೇಳಿದರೆ "ಯುವನಿಧಿ ಇದೆಯಲ್ಲ" ಅನ್ನುತ್ತಾರೆ. ಯುವನಿಧಿ ಕೆಲಸ ಕಳಕೊಂಡವರಿಗಲ್ಲ. ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಅದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ವರ್ಷ. ಎಸೆಸೆಲ್ಸಿ ಮುಗಿಸಿ ಮೆಷಿನ್ ಮುಂದೆ ನಿಂತವನಿಗೆ ಅದರಲ್ಲಿ ಪಾಲಿಲ್ಲ.

ಅವನಿಗಿರುವ ದಾರಿ ಇಎಸ್‌ಐಯ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈಯಲ್ಲಿ ಶುರುವಾದದ್ದು. ಮೊದಲು ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು, ಕೊರೋನಾ ಕಾಲದಲ್ಲಿ ಅರ್ಧ ಮಾಡಿದರು. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಸಿಗುತ್ತದೆ. ತಿಂಗಳಿಗೆ 15,000 ದುಡಿಯುವವನ ಲೆಕ್ಕ ಹಾಕಿ ನೋಡಿ. ದಿನಕ್ಕೆ 500, ಅದರ ಅರ್ಧ 250, 90 ದಿನಕ್ಕೆ 22,500 ರೂಪಾಯಿ. ಮೂರು ತಿಂಗಳ ಅಕ್ಕಿ, ಬಾಡಿಗೆ, ಮಕ್ಕಳ ಫೀಸಿನ ಒಂದು ಭಾಗವಾದರೂ ಅದರಲ್ಲಿ ಆಗುತ್ತದೆ. ಇದು ಯಾರ ದಾನವೂ ಅಲ್ಲ. ಪ್ರತಿ ತಿಂಗಳು ಕಾರ್ಮಿಕನ ಸಂಬಳದಿಂದ ನೂರಕ್ಕೆ 75 ಪೈಸೆ, ಮಾಲಕರಿಂದ ಮೂರೂಕಾಲು ರೂಪಾಯಿ ಹೋಗಿರುತ್ತದೆ.

ಷರತ್ತುಗಳಿವೆ. ಕೆಲಸ ಹೋಗುವ ಮುಂಚಿನ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿರಬೇಕು. ವಂತಿಗೆಯನ್ನು ಆರಾರು ತಿಂಗಳ ಅವಧಿಯಾಗಿ ಲೆಕ್ಕ ಹಾಕುತ್ತಾರೆ. ಕೊನೆಯ ಅವಧಿಯಲ್ಲಿ ಕನಿಷ್ಠ 78 ದಿನ, ಅದಕ್ಕೆ ಮುಂಚಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನದ ವಂತಿಗೆ ಆಗಿರಬೇಕು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನೀವೇ ಅರ್ಜಿ ಹಾಕಬಹುದು, ಮಾಲಕರ ಹಿಂದೆ ಅಲೆಯಬೇಕಾಗಿಲ್ಲ. ಯೋಜನೆಯನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ. ಹಾಗಾಗಿ ಅರ್ಜಿ ಹಾಕುವ ಮುಂಚೆ ಶಾಖಾ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ನಮ್ಮವರ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಮುಹಮ್ಮದ್, ಇಎಸ್‌ಐಯಲ್ಲಿ ಮೊಹಮ್ಮದ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಎಂ.ಡಿ. ಕೆಲಸದಲ್ಲಿ ಇರುವಾಗಲೇ ಮೂರನ್ನೂ ಸರಿ ಮಾಡಿಸಿಕೊಳ್ಳಿ. ಸಂಬಳದ ಚೀಟಿ, ಇಎಸ್‌ಐ ನಂಬ್ರ ಜೋಪಾನವಾಗಿಡಿ.

ಇಷ್ಟೆಲ್ಲ ಇದ್ದೂ ಆ ಯುವಕನಿಗೆ ಹಣ ಸಿಗಲಿಲ್ಲ. ಬಿಡಿಸುವ ದಿನ ಒಂದು ಕಾಗದ ಕೊಟ್ಟು "ಸಹಿ ಹಾಕು, ಬಾಕಿ ಸಂಬಳ ಇವತ್ತೇ ಕೊಡ್ತೇವೆ" ಅಂದಿದ್ದರಂತೆ. ಅವನು ಓದದೆ ಹಾಕಿದ್ದ. ಅದರಲ್ಲಿದ್ದದ್ದು "ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಎಂಬ ಮಾತು. ತಾನಾಗಿ ಬಿಟ್ಟವನಿಗೆ ಈ ಯೋಜನೆ ಇಲ್ಲ. ಕಾನೂನು ಪ್ರಕಾರ ಕೆಲಸದಿಂದ ತೆಗೆದವನಿಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಅದನ್ನು ಕೇಳುವ ಬಾಯಿಯನ್ನೂ ಆ ಒಂದು ಸಹಿ ಕಟ್ಟಿಹಾಕಿತು. ಬಾಕಿ ಸಂಬಳವಂತೂ ಹೇಗೂ ಅವನದ್ದೇ ಆಗಿತ್ತು.

ಗಲ್ಫ್‌ನಲ್ಲಿರುವ ನಮ್ಮ ಮಕ್ಕಳಿಗೂ ಇದೇ ಮಾತು. ಯುಎಇಯಲ್ಲಿ 2023ರ ಜನವರಿಯಿಂದ ಉದ್ಯೋಗ ನಷ್ಟ ವಿಮೆ ಕಡ್ಡಾಯ. ಮೂಲ ವೇತನ 16,000 ದಿರ್ಹಮ್‌ವರೆಗಿನವರು ತಿಂಗಳಿಗೆ 5 ದಿರ್ಹಮ್ ಕಟ್ಟುತ್ತಾರೆ. ಒಂದು ವರ್ಷ ಬಿಡದೆ ಕಟ್ಟಿದವನ ಕೆಲಸ ಹೋದರೆ ಮೂಲ ವೇತನದ ಶೇ. 60ರಂತೆ ಮೂರು ತಿಂಗಳವರೆಗೆ ಸಿಗುತ್ತದೆ. 30 ದಿನದೊಳಗೆ ಅರ್ಜಿ ಹಾಕಬೇಕು. ಅಲ್ಲಿಯೂ ರಾಜೀನಾಮೆ ಕೊಟ್ಟವನಿಗೆ ಇಲ್ಲ.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಓಡಿಸುತ್ತಿದ್ದವರು, ಲೋಡಿಂಗ್ ಮಾಡುತ್ತಿದ್ದವರು ಬರಿಗೈಯಲ್ಲಿ ಮನೆಗೆ ಬಂದ ಕಥೆ ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ದಾಖಲೆ ಇಲ್ಲದ ದುಡಿಮೆಗೆ ಕೇಳುವ ಜಾಗವೇ ಇರುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವವರ ಪಾಡು ಇವತ್ತಿಗೂ ಹೆಚ್ಚುಕಡಿಮೆ ಅದೇ. ಮಸೀದಿ ಕಮಿಟಿಯ ಸಹಾಯ ಅಂಥವರಿಗೆ ಮೊದಲು ಸಲ್ಲಬೇಕು. ಇಎಸ್‌ಐ ಇರುವವರು ತಮ್ಮ ಹಕ್ಕಿನ ಹಣ ಕೇಳಿ ಪಡೆದರೆ ಅವರ ಪಾಲು ಉಳಿಯುತ್ತದೆ.

ಮೊನ್ನೆ ಅದೇ ಯುವಕ ತನ್ನ ತಮ್ಮನನ್ನು ಕರೆದುಕೊಂಡು ಬಂದಿದ್ದ. ತಮ್ಮನ ಕೈಯಲ್ಲೂ ಒಂದು ಕಾಗದ ಇತ್ತು.

"ಇನ್ನೂ ಸಹಿ ಹಾಕಿಲ್ರಿ ಹಜರತ್. ಮೊದ್ಲು ಓದಿ ಹೇಳ್ರಿ" ಅಂದ.

ಕನ್ನಡಕ ಹಾಕಿಕೊಂಡು ಓದಲು ಕುಳಿತೆ.