ಮೇಷ್ಟ್ರಿಗೂ ಒಂದು ಡ್ರಾಯಿಂಗ್ ಪೀರಿಯಡ್

ಪ್ರಾಥಮಿಕ ಶಾಲೆಯ ಟೀಚರ ಬದುಕಿನಲ್ಲಿ ಕಲೆಗೆ ಬರವಿದೆ ಎಂದು ಯಾರೂ ಹೇಳಲಾರರು. ನಲಿಕಲಿ ಕೊಠಡಿಯಲ್ಲಿ ದಾರಕ್ಕೆ ತೂಗುಬಿಟ್ಟ ಬಣ್ಣದ ಚಿಟ್ಟೆ, ಗೋಡೆಯ ಮೇಲಿನ ವರ್ಣಮಾಲೆ, ಸ್ವಾತಂತ್ರ್ಯ ದಿನದ ರಂಗೋಲಿ, ವಾರ್ಷಿಕೋತ್ಸವದ ಕೋಲಾಟ, ಪ್ರತಿಭಾ ಕಾರಂಜಿಗೆ ಹೊರಟ ಮಕ್ಕಳ ಛದ್ಮವೇಷ ಎಲ್ಲದರಲ್ಲೂ ಅವರ ಕೈಯಿದೆ. ಕತ್ತರಿ, ಗೋಂದು, ಥರ್ಮಾಕೋಲು ಕಾಣದ ಸ್ಟಾಫ್ ರೂಮೇ ಅಪರೂಪ. ಆದರೆ ಇಷ್ಟೆಲ್ಲವೂ ಮಕ್ಕಳಿಗಾಗಿ, ಪೋಷಕರಿಗಾಗಿ, ತಪಾಸಣೆಗೆ ಬರುವವರಿಗಾಗಿ ಮಾಡಿದ್ದು. ಯಾರಿಗೂ ತೋರಿಸಬೇಕಾಗಿಲ್ಲದ, ತಮಗೆಂದೇ ಬರೆದುಕೊಂಡ ಒಂದು ಚಿತ್ರ? ಅದನ್ನು ಬರೆದು ಎಷ್ಟು ವರ್ಷವಾಯಿತೆಂದು ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ.

ಆ ಒಂದು ಚಿತ್ರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಕಳೆದ ಎಂಬತ್ತು ವರ್ಷಗಳಲ್ಲಿ ಕಲಾವಿದರು, ಮನೋವಿಜ್ಞಾನಿಗಳು, ರಂಗಕರ್ಮಿಗಳು ಬೇರೆಬೇರೆ ದಾರಿಯಲ್ಲಿ ಕಂಡುಕೊಂಡಿದ್ದಾರೆ. ಆ ತಿಳಿವಳಿಕೆ ಶಿಕ್ಷಕರ ಪಾಲಿಗೆ ಬರಬೇಕಾದಷ್ಟು ಬಂದಿಲ್ಲ.

ಶಿಕ್ಷಕರ ದಣಿವು ಮೈ ದಣಿವಷ್ಟೇ ಅಲ್ಲ. ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಈ ಬಗೆಯ ಬಸವಳಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮುಂದೆ ಶಿಕ್ಷಕರಿಗೆಂದೇ ಅದರ ಪ್ರತ್ಯೇಕ ಆವೃತ್ತಿ ಬಂತು. ಅದು ಮೂರು ಲಕ್ಷಣಗಳನ್ನು ಹುಡುಕುತ್ತದೆ: ಮನಸ್ಸು ಬರಿದಾದ ಭಾವ, ಎದುರಿಗಿರುವ ಮಕ್ಕಳ ಬಗ್ಗೆ ಹುಟ್ಟುವ ಒಣ ನಿರ್ಲಿಪ್ತಿ, ತಾನು ಮಾಡಿದ್ದರಿಂದ ಏನೂ ಆಗಲಿಲ್ಲವೆಂಬ ನಿರಾಶೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಸ್ಥಿತಿ ಕಾಯಿಲೆಯಲ್ಲ, ಕೆಲಸದಿಂದ ಹುಟ್ಟುವಂಥದ್ದು ಎಂದು ಸ್ಪಷ್ಟಪಡಿಸಿತು. ದೋಷ ವ್ಯಕ್ತಿಯಲ್ಲಿಲ್ಲ, ಕೆಲಸ ನಡೆಯುವ ರೀತಿಯಲ್ಲಿದೆ ಎಂಬ ಈ ಮಾತು ಮುಖ್ಯ.

ನಮ್ಮ ಶಾಲೆಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗುಟ್ಟೇನಲ್ಲ. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆ, ಹಾಲು, ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ಜಾಲತಾಣದಲ್ಲಿ ಮಾಹಿತಿ ತುಂಬುವುದು, ಮತದಾರರ ಪಟ್ಟಿ, ಚುನಾವಣೆ. 2025ರ ದಸರಾ ರಜೆಯಲ್ಲಿ ರಾಜ್ಯದ ಶಿಕ್ಷಕರು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮನೆಮನೆ ಸುತ್ತಿದರು. ಇದರ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ದುಡಿಮೆಯಿದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಗಮನಿಸಿ ಬರೆದ ಪುಸ್ತಕದಲ್ಲಿ, ಒಳಗಿನ ಭಾವವನ್ನು ಅದುಮಿಟ್ಟು ಕೆಲಸ ಬೇಡುವ ಮುಖವನ್ನು ದಿನವಿಡೀ ಹೊತ್ತಿರುವುದೂ ಒಂದು ದುಡಿಮೆಯೇ ಎಂದು ತೋರಿಸಿದರು. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದ ಟೀಚರು ಒಂದನೇ ತರಗತಿಯಲ್ಲಿ ನಗುನಗುತ್ತ ಹಾಡು ಹೇಳಿಸುವಾಗ ಮಾಡುತ್ತಿರುವುದು ಇದನ್ನೇ. ಅದುಮಿಟ್ಟದ್ದು ಎಲ್ಲಿಗೋ ಹರಿದುಹೋಗಬೇಕಲ್ಲ?

ಕಲೆ ಅದಕ್ಕೊಂದು ದಾರಿ. ಈ ದಾರಿ ಶುರುವಾದದ್ದರಲ್ಲಿ ಶಾಲೆಯ ಪಾಲೂ ದೊಡ್ಡದು. ಕಲಾ ಚಿಕಿತ್ಸೆ ಎಂಬ ಹೆಸರನ್ನು ಬಳಕೆಗೆ ತಂದವರು ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯದಿಂದ ಸ್ಯಾನಟೋರಿಯಮ್ ಸೇರಿ, ಮಲಗಿದಲ್ಲೇ ಚಿತ್ರ ಬರೆಯುತ್ತ ಚೇತರಿಸಿಕೊಂಡ ಅವರು 1942ರ ಹೊತ್ತಿಗೆ ಆ ಹೆಸರಿಟ್ಟರು. ಅಮೆರಿಕದಲ್ಲಿ ಈ ಕ್ಷೇತ್ರಕ್ಕೆ ಬುನಾದಿ ಹಾಕಿದ ಮಾರ್ಗರೆಟ್ ನಾಮ್‌ಬರ್ಗ್ ಅದಕ್ಕೂ ಮುಂಚೆ, 1914ರಲ್ಲಿ, ನ್ಯೂಯಾರ್ಕಿನಲ್ಲಿ ಮಕ್ಕಳ ಶಾಲೆಯೊಂದನ್ನು ತೆರೆದಿದ್ದರು. ಅದೇ ಮುಂದೆ ವಾಲ್ಡನ್ ಶಾಲೆ ಎಂದು ಹೆಸರಾಯಿತು. ಅಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವರ ಅಕ್ಕ ಫ್ಲಾರೆನ್ಸ್ ಕೇನ್ ಒಂದು ಸರಳ ವಿಧಾನವನ್ನು ಬೆಳೆಸಿದರು. ಮೊದಲು ತೋಳನ್ನು ಗಾಳಿಯಲ್ಲಿ ಸಡಿಲವಾಗಿ ಬೀಸಿ, ಆಮೇಲೆ ಕಣ್ಣು ಮುಚ್ಚಿ ಕಾಗದದ ಮೇಲೆ ಹೇಗೆಂದರೆ ಹಾಗೆ ಗೀಚುವುದು. ಕಣ್ಣು ತೆರೆದು, ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ, ಗೀಚಿನೊಳಗೆ ಏನಾದರೂ ಆಕಾರ ಕಾಣುತ್ತದೆಯೇ ನೋಡುವುದು. ಕಂಡದ್ದನ್ನು ಬಣ್ಣ ಹಚ್ಚಿ ಎದ್ದು ಕಾಣಿಸುವುದು.

ಈ ವಿಧಾನದ ಗುಣವಿರುವುದು ಅದು ಭಯ ಬಿಡಿಸುವುದರಲ್ಲಿ. ‘ನಂಗೆ ಡ್ರಾಯಿಂಗ್ ಬರೋಲ್ಲ’ ಎನ್ನುವವರೂ ಗೀಚಬಲ್ಲರು. ರವೀಂದ್ರನಾಥ ಟ್ಯಾಗೋರರ ಚಿತ್ರಕಲೆ ಮೊಳೆತದ್ದೂ ಹೆಚ್ಚುಕಡಿಮೆ ಹೀಗೆಯೇ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸುತ್ತ, ಅವುಗಳಿಂದ ವಿಚಿತ್ರ ಹಕ್ಕಿಗಳನ್ನೂ ಮುಖಗಳನ್ನೂ ಎಬ್ಬಿಸುತ್ತ ಹೋದರು. ಶಾಂತಿನಿಕೇತನದ ಆ ಗುರು ಕುಂಚ ಹಿಡಿದು ಗಂಭೀರವಾಗಿ ಕೂತದ್ದು ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು.

ಗೀಚುವುದರಿಂದ ದೇಹದಲ್ಲಿ ಏನಾದರೂ ಬದಲಾಗುತ್ತದೆಯೇ? ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಗಿರಿಜಾ ಕೈಮಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. 39 ವಯಸ್ಕರಿಗೆ ಮಾರ್ಕರ್ ಪೆನ್ನು, ಕಾಗದ, ಜೇಡಿಮಣ್ಣು, ಕತ್ತರಿಸಿ ಅಂಟಿಸುವ ಚಿತ್ರಗಳನ್ನು ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಎಂದರು. ಮೊದಲೂ ಕೊನೆಗೂ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಪ್ರಮಾಣ ನೋಡಿದರು. ಒತ್ತಡ ಏರಿದಾಗ ದೇಹದಲ್ಲಿ ಹೆಚ್ಚುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲೇ ಕಲೆ ಕಲಿತವರಿಗೂ ಕಲಿಯದವರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಅದೊಂದರ ಮೇಲೆ ಎಲ್ಲವನ್ನೂ ಕಟ್ಟಲಾಗದು, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಡೇಸಿ ಫ್ಯಾನ್‌ಕೋರ್ಟ್ ಮತ್ತು ಸೀರ್ಷಾ ಫಿನ್ 2019ರಲ್ಲಿ ಸಿದ್ಧಪಡಿಸಿದ ವರದಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಆರೋಗ್ಯ ಕಾಯ್ದುಕೊಳ್ಳುವುದರಲ್ಲಿ ಕಲೆಗೆ ದೊಡ್ಡ ಪಾತ್ರವಿದೆ ಎಂದೇ ಹೇಳಿತು.

ಬರವಣಿಗೆಯ ಮೇಲಿನ ಪ್ರಯೋಗ ಇದಕ್ಕಿಂತ ಹಳೆಯದು. ಜೇಮ್ಸ್ ಪೆನ್ನಿಬೇಕರ್ ಎಂಬ ಮನೋವಿಜ್ಞಾನಿ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ತಮ್ಮ ಬದುಕಿನ ತೀರ ನೋವಿನ ಸಂಗತಿಯನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ನಡೆದದ್ದರ ಜೊತೆಗೆ ಆಗ ಅನ್ನಿಸಿದ್ದನ್ನೂ ಬರೆದವರು ನಂತರದ ತಿಂಗಳುಗಳಲ್ಲಿ ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಬರೆದ ತಕ್ಷಣ ಮನಸ್ಸು ಕುಗ್ಗಿತ್ತು. ಗುಣ ಕಂಡದ್ದು ನಿಧಾನಕ್ಕೆ. ಈ ಬಗೆಯ ಬರವಣಿಗೆಗೆ ಪೆನ್ನಿಬೇಕರ್ ಹಾಕಿಕೊಟ್ಟ ಕಟ್ಟಳೆಗಳು ಶಿಕ್ಷಕರು ಕಿವಿಗೊಟ್ಟು ಕೇಳಬೇಕಾದಂಥವು: ಕಾಗುಣಿತ ನೋಡಬೇಡಿ, ವ್ಯಾಕರಣ ನೋಡಬೇಡಿ, ನಿಲ್ಲಿಸದೆ ಬರೆಯಿರಿ, ಬೇಕಾದರೆ ಹರಿದುಹಾಕಿ. ದಿನವಿಡೀ ಕೆಂಪು ಪೆನ್ನು ಹಿಡಿದು ಒತ್ತಕ್ಷರ ತಿದ್ದುವ ಕೈಗೆ ತಿದ್ದದೆ ಬರೆಯುವುದೇ ಮೊದಲ ಬಿಡುಗಡೆ. ಬರೆಯುವಾಗ ಸಂಕಟ ತಡೆಯಲಾಗದಷ್ಟು ಹೆಚ್ಚಿದರೆ ಅಲ್ಲಿಗೇ ಬಿಡಬೇಕು ಎಂಬುದೂ ಅವರದೇ ಎಚ್ಚರಿಕೆ.

ನೋವು ಒಬ್ಬರದಲ್ಲದೆ ಇಡೀ ಊರಿನದಾದಾಗ? ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ 2011ರ ಫೆಬ್ರವರಿ 22ರ ಮಧ್ಯಾಹ್ನ ಭೂಮಿ ನಡುಗಿ 185 ಜನ ಸತ್ತರು. ಶಾಲೆಗಳು ಮತ್ತೆ ತೆರೆದಾಗ ಮಕ್ಕಳ ಎದುರು ನಿಂತ ಶಿಕ್ಷಕರೂ ಅದೇ ಕಂಪನವನ್ನು ಉಂಡವರೇ ಆಗಿದ್ದರು. ಆಕ್ಲೆಂಡ್ ವಿಶ್ವವಿದ್ಯಾಲಯದ ರಂಗಶಿಕ್ಷಣ ಪ್ರಾಧ್ಯಾಪಕ ಪೀಟರ್ ಓ’ಕಾನರ್ ಅಲ್ಲಿಗೆ ಹೋದರು. ಭೂಕಂಪದ ಮಾತನ್ನೇ ಎತ್ತದೆ ಒಂದು ಕಥೆ ಶುರುಮಾಡಿದರು. ಒಬ್ಬ ಹುಡುಗಿ ಬೆಳಿಗ್ಗೆ ಎದ್ದು ಎಡವಿ, ತನ್ನ ಕನಸಿನ ಬಟ್ಟೆಯನ್ನು ಹರಿದುಕೊಂಡಳು. ಅದನ್ನು ಹೊಲಿಯುವುದು ಹೇಗೆ? ಮಕ್ಕಳು ಆ ಬಟ್ಟೆಯನ್ನು ತಾವೇ ಚಿತ್ರಿಸಿದರು, ಹೊಲಿಯಲು ಬೇಕಾದ ದಾರಕ್ಕೆ ಏನೇನು ಬೆರೆಸಬೇಕೆಂದು ಕಲ್ಪಿಸಿದರು, ಅಭಿನಯಿಸಿ ದಾರ ನೂತರು.

ಕಥೆಯ ಮರೆ ಯಾಕೆ ಬೇಕು? ನೇರವಾಗಿ ‘ನಿಮಗೇನಾಯಿತು ಹೇಳಿ’ ಎಂದರೆ ಗಾಯವನ್ನು ಮತ್ತೆ ಕೆದಕಿದಂತಾಗಬಹುದು. ಇನ್ನೊಬ್ಬಳ ಹರಿದ ಬಟ್ಟೆಯ ಬಗ್ಗೆ ಮಾತಾಡುವಾಗ ತನ್ನದನ್ನು ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬ ಹಿಡಿತ ಹೇಳುವವರ ಕೈಯಲ್ಲೇ ಉಳಿಯುತ್ತದೆ. ಈ ಅನುಭವದ ಬೆನ್ನಿಗೆ, 2020ರಲ್ಲಿ ಕೋವಿಡ್ ಲಾಕ್‌ಡೌನ್ ಮುಗಿದು ಶಾಲೆ ತೆರೆಯುವ ಹೊತ್ತಿಗೆ, ಓ’ಕಾನರ್ ಮತ್ತು ಅವರ ತಂಡ ‘ಟೆ ರಿಟೊ ಟೋಯಿ’ ಎಂಬ ಮಾವೋರಿ ಹೆಸರಿನಲ್ಲಿ ಶಿಕ್ಷಕರಿಗಾಗಿ ಕಲಾ ಪಾಠಗಳ ಕಟ್ಟೊಂದನ್ನು ಹೊರತಂದಿತು. ಶಿಕ್ಷಕರ ಸಂಘವೂ ಅದಕ್ಕೆ ಕೈಜೋಡಿಸಿತು. ಮರಳಿ ಬಂದ ಮಕ್ಕಳಿಗೆ ಬಾಕಿ ಉಳಿದ ಸಿಲಬಸ್ ತುರುಕುವ ಮೊದಲು ಹಾಡು, ಕುಣಿತ, ಚಿತ್ರ, ನಾಟಕಕ್ಕೆ ಜಾಗ ಕೊಡಿ ಎಂಬುದು ಅದರ ನಿಲುವು.

ಕಥೆಯ ಮರೆಯಲ್ಲಿ ನಿಂತು ಮಾತಾಡುವ ಈ ಗುಟ್ಟು ಕರಾವಳಿ ಮತ್ತು ಮಲೆನಾಡಿನ ಮೇಷ್ಟ್ರುಗಳಿಗೆ ಹೊಸದಲ್ಲ. ತಾಳಮದ್ದಲೆಯ ಅರ್ಥಧಾರಿಗಳಲ್ಲಿ ಶಾಲೆ-ಕಾಲೇಜಿನ ಅಧ್ಯಾಪಕರು ಮೊದಲಿನಿಂದಲೂ ಬಹಳ. ಮಂಗಳೂರಿನ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದ ಡಾ. ಎಂ. ಪ್ರಭಾಕರ ಜೋಶಿಯವರಂಥ ವಿದ್ವಾಂಸರಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರವರೆಗೆ ಆ ಸಾಲು ಉದ್ದವಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಲೆ ನುಡಿಯುತ್ತವೆ, ಅರ್ಥಧಾರಿ ಕುಳಿತಲ್ಲೇ ಬರೆದಿಟ್ಟ ಮಾತಿಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನು ಆಡುತ್ತಾನೆ. ಹಗಲೆಲ್ಲ ಪಠ್ಯಪುಸ್ತಕದ ಗೆರೆ ದಾಟದೆ, ಮೇಲಿನವರ ಸಭೆಯಲ್ಲಿ ‘ಆಯ್ತು ಸರ್’ ಎಂದಷ್ಟೇ ಹೇಳಿ ಬಂದ ಮನುಷ್ಯ ರಾತ್ರಿ ವಾಲಿಯಾಗಿ ಕುಳಿತು, ಮರೆಯಿಂದ ಬಾಣ ಬಿಟ್ಟ ರಾಮನನ್ನೇ ನಿಲ್ಲಿಸಿ ನ್ಯಾಯ ಕೇಳುತ್ತಾನೆ. ಎದುರಿಗಿದ್ದವರು ಉತ್ತರ ಕೊಡಲೇಬೇಕು. ಹಳೆ ಮೈಸೂರಿನ ಊರುಗಳಲ್ಲಿ ಕುರುಕ್ಷೇತ್ರ ನಾಟಕದ ದುರ್ಯೋಧನನಾಗಿ ಕಂದಪದ್ಯ ಹಾಡುವ ಮೇಷ್ಟ್ರಿಗೂ ಇಂಥದೇ ಒಂದು ರಾತ್ರಿ ಸಿಗುತ್ತದೆ. ಇದನ್ನು ಚಿಕಿತ್ಸೆ ಎಂದು ಯಾರೂ ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೆ ದಣಿದ ಮನಸ್ಸಿಗೆ ಬೇಕಾದ ಮೂರು ಸಂಗತಿಗಳು ಇಲ್ಲಿ ಒಟ್ಟಿಗಿವೆ: ಆಡಲಾರದ್ದನ್ನು ಆಡಲು ಒಂದು ಪಾತ್ರ, ಕೇಳುವ ಕಿವಿಗಳು, ಜೊತೆಗೂಡುವ ಬಳಗ.

ಬ್ರೆಜಿಲಿನ ಅಗಸ್ಟೊ ಬೋಲ್ 1970ರ ದಶಕದಲ್ಲಿ ಬೆಳೆಸಿದ ಫೋರಮ್ ಥಿಯೇಟರ್ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ಒಂದು ದೃಶ್ಯ: ಮಗುವಿನ ಅಪ್ಪ ಎಲ್ಲರೆದುರು ಟೀಚರನ್ನು ಬಯ್ಯುತ್ತಾನೆ, ಮುಖ್ಯೋಪಾಧ್ಯಾಯರು ಬಾಯಿ ಬಿಡುವುದಿಲ್ಲ, ಟೀಚರು ಕುಗ್ಗಿ ಹೊರನಡೆಯುತ್ತಾರೆ. ಆಮೇಲೆ ಅದೇ ದೃಶ್ಯ ಮತ್ತೆ ಶುರುವಾಗುತ್ತದೆ. ಈ ಸಲ ನೋಡುಗರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಎದ್ದುಬಂದು, ಟೀಚರ ಜಾಗದಲ್ಲಿ ನಿಂತು ಬೇರೆ ಮಾತು, ಬೇರೆ ನಡೆ ಹೂಡಿ ನೋಡಬಹುದು. ಹತ್ತು ಜನ ಹತ್ತು ಬಗೆಯಲ್ಲಿ ಹೂಡಿದಾಗ, ತನಗೊಬ್ಬಳಿಗೇ ಹೀಗಾಯಿತೆಂದು ಕೊರಗುತ್ತಿದ್ದವಳಿಗೆ ಇದು ಎಲ್ಲರ ಪಾಡೆಂಬುದು ಕಾಣುತ್ತದೆ.

ಬಳಗ ಕಟ್ಟುವುದರಲ್ಲಿ ಹಾಡಿಗೆ ಇನ್ನೂ ವೇಗ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಡು, ಕರಕುಶಲ, ಬರವಣಿಗೆಯ ಹೊಸ ತರಗತಿಗಳನ್ನು ಏಳು ತಿಂಗಳು ಗಮನಿಸಲಾಯಿತು. ಕೊನೆಗೆ ಎಲ್ಲ ಗುಂಪುಗಳಲ್ಲೂ ನಂಟು ಬೆಳೆದಿತ್ತು. ಹಾಡುವವರಲ್ಲಿ ಮಾತ್ರ ಅದು ಮೊದಲ ವಾರಗಳಲ್ಲೇ ಬೆಸೆದುಕೊಂಡಿತ್ತು. ಬೇರೆಬೇರೆ ಊರಿನಿಂದ ವರ್ಗವಾಗಿ ಬಂದು ಒಂದೇ ಸ್ಟಾಫ್ ರೂಮಿನಲ್ಲಿ ಅಪರಿಚಿತರಂತೆ ಕೂರುವವರಿಗೆ ಇದು ಉಪಯೋಗದ ಮಾತು.

ಹಾಗಾದರೆ ಶಿಕ್ಷಕರಿಗೆ ಸ್ಪರ್ಧೆಗಳಿವೆಯಲ್ಲ, ಶಿಕ್ಷಕರ ದಿನಕ್ಕೆ ಗಾಯನ, ಪ್ರಬಂಧ ಎಲ್ಲ ಇರುತ್ತವೆಯಲ್ಲ ಎಂದು ಕೇಳಬಹುದು. ಪ್ರತಿಭೆ ಇರುವವರಿಗೆ ಅವು ಬೇಕು. ಆದರೆ ಬಹುಮಾನ ಬಂದೊಡನೆ ತೀರ್ಪುಗಾರರೂ ಬರುತ್ತಾರೆ, ಸೋತವರೂ ಇರುತ್ತಾರೆ. ಗುಣಪಡಿಸುವ ಕಲೆಗೆ ಅಂಕವಿರಬಾರದು, ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಆದೇಶವಂತೂ ಇರಲೇಬಾರದು. ಭಾನುವಾರ ಕಡ್ಡಾಯ ಹಾಜರಿ ಹಾಕಿಸಿಕೊಂಡು ‘ಒತ್ತಡ ನಿವಾರಣಾ ತರಬೇತಿ’ ನಡೆಸಿದರೆ ಹೊರೆಗೆ ಇನ್ನೊಂದು ಹೊರೆ ಸೇರುತ್ತದೆ ಅಷ್ಟೆ. ಖಾಲಿ ಹುದ್ದೆ ತುಂಬದೆ, ಬೋಧನೇತರ ಕೆಲಸ ಇಳಿಸದೆ, ಕೈಗೆ ಬಣ್ಣದ ಡಬ್ಬಿ ಕೊಟ್ಟು ಕಳಿಸುವುದು ಅನ್ಯಾಯ.

ಇನ್ನೊಂದು ಗೆರೆಯನ್ನೂ ಮರೆಯುವಂತಿಲ್ಲ. ಸಂಜೆ ಕೂತು ಬಣ್ಣ ಹಚ್ಚುವುದು ಬೇರೆ, ತರಬೇತಿ ಪಡೆದ ಚಿಕಿತ್ಸಕರು ನಡೆಸುವ ಕಲಾ ಚಿಕಿತ್ಸೆ ಬೇರೆ. ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡವೆನಿಸುತ್ತದೆ ಎನ್ನುವವರಿಗೆ ಕ್ರೇಯಾನ್ ಸಾಲದು, ವೈದ್ಯರ ನೆರವು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಆರಂಭ ಕಷ್ಟವೇನಲ್ಲ. ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ. ಸುತ್ತೋಲೆ ಓದುವುದರಲ್ಲೇ ಮುಗಿದುಹೋಗುವ ಆ ಸಭೆಯಲ್ಲಿ ಬಯಸಿದವರಿಗಾಗಿ 45 ನಿಮಿಷ ತೆಗೆದಿಡಬಹುದು. ಬೇಕಾದ ಸಾಮಾನೆಲ್ಲ ಶಾಲೆಯಲ್ಲೇ ಇದೆ: ಹಳೆಯ ಪತ್ರಿಕೆ, ಗೋಂದು, ಮೇಣದ ಬಣ್ಣ, ಊರ ಕೆರೆಯ ಒಂದು ಬುಟ್ಟಿ ಜೇಡಿಮಣ್ಣು. ನಡೆಸಿಕೊಡಲು ಜಿಲ್ಲೆಯಲ್ಲಿರುವ ರಂಗ ಶಿಕ್ಷಕರು, ಚಿತ್ರಕಲಾ ಶಿಕ್ಷಕರು ಸಾಕು. ಮಾಡಿದ್ದನ್ನು ಗೋಡೆಗೆ ಅಂಟಿಸಬೇಕೋ, ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗಬೇಕೋ ಎಂಬುದನ್ನು ಮಾಡಿದವರೇ ನಿರ್ಧರಿಸಲಿ.