ಓರೆ ಬಿಸಿಲಿನ ಪಾಠ

ಛಾಯಾಗ್ರಹಣ ಕಲಿಯುವ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಅರಸೀಕೆರೆಯ ಮಾಲೇಕಲ್ಲು ಬೆಟ್ಟದ ಮೇಲೆ, ಕ್ಯಾಮರಾದ ಕಂಡಿಯನ್ನು ಕಿರಿದುಮಾಡಿ, ಹತ್ತಿರದ ಬಂಡೆಯನ್ನೂ ದೂರದ ಬಯಲನ್ನೂ ಒಟ್ಟಿಗೆ ಸ್ಫುಟವಾಗಿ ಹಿಡಿಯುವ ಬಗೆಯನ್ನು ಅರಿತರು. ನಾನು ಜೊತೆಗೆ ಹೋದವನು ಮಾತ್ರ.

ಮರುದಿನ ಹಳೇಬೀಡು. 12ನೆಯ ಶತಮಾನದ ಹೊಯ್ಸಳೇಶ್ವರ ಗುಡಿಯ ಪಶ್ಚಿಮದ ಗೋಡೆ ಬೆಳಿಗ್ಗೆ ನೆರಳಿನಲ್ಲಿದ್ದಿತು. ಚಿತ್ರಗಳೆಲ್ಲ ಚಪ್ಪಟೆಯಾಗಿ ಬಂದುವು. ಹೊತ್ತು ನೆತ್ತಿಯಿಂದ ವಾಲಿ, ಬಿಸಿಲು ಗೋಡೆಯನ್ನು ಸವರುತ್ತ ಇಳಿದಾಗ, ಬಳಪದ ಕಲ್ಲಿನ ಹಾರ, ಬೆರಳು, ಗೆಜ್ಜೆ ಒಂದೊಂದೂ ಎದ್ದು ನಿಂತುವು. 1856ರಲ್ಲಿ ಇದೇ ಗುಡಿಯನ್ನು ಚಿತ್ರಿಸಿದ ರಿಚರ್ಡ್ ಬ್ಯಾನರ್ ಓಕ್ಲಿಯೂ ಹೀಗೆಯೇ ಕಾದಿರಬೇಕು. ಇಪ್ಪತ್ತು ವರ್ಷ ತರಗತಿಯಲ್ಲಿ ಹೊಯ್ಸಳ ಶಿಲ್ಪವನ್ನು ಬಣ್ಣಿಸಿದ ನಾನು ಆ ಗೋಡೆಯನ್ನು ಆ ಹೊತ್ತಿನಲ್ಲಿ ಕಂಡಿರಲೇ ಇಲ್ಲ.

“ಸಾರ್, ನಿಮ್ಮ ನೆರಳು ಬೀಳುತ್ತಿದೆ” ಎಂದಳು ಶಿಷ್ಯೆಯೊಬ್ಬಳು. ಸರಿದು ನಿಂತೆ.