ಕೊಳೆಯುವ ಚೀಲ ಮತ್ತು ಬಿಸಿ ಆಹಾರ

ಮಣ್ಣಿನಲ್ಲಿ ಕೊಳೆಯುವ ಕೈಚೀಲಗಳು ಈಗ ಅಂಗಡಿಗಳಲ್ಲಿ ದೊರೆಯುತ್ತಿವೆ. ಜೋಳದ ಪಿಷ್ಟದಿಂದ ಮಾಡಿದವು ಎಂಬ ನಂಬಿಕೆಯಿಂದ ಅವುಗಳಲ್ಲಿ ಬಿಸಿ ಸಾಂಬಾರನ್ನೂ ಕಟ್ಟಿಸಿಕೊಂಡು ಬರುವವರನ್ನು ನಾವು ಕಾಣುತ್ತೇವೆ. ಆದರೆ ಬರಿಯ ಪಿಷ್ಟದಿಂದ ಚೀಲವಾಗುವುದಿಲ್ಲ.

ಅಕ್ಕಿಹಿಟ್ಟಿನ ಸಂಡಿಗೆಯನ್ನೇ ನೋಡೋಣ. ಬೇಯಿಸಿದ ಹಿಟ್ಟನ್ನು ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆಯಾಗುತ್ತದೆ, ಬಾಗಿಸಿದರೆ ಮುರಿಯುತ್ತದೆ. ಮಳೆಗಾಲದಲ್ಲಿ ಅದೇ ಸಂಡಿಗೆ ಮೆತ್ತಗಾಗುತ್ತದೆ. ಪಿಷ್ಟವೆಂಬುದು ಗ್ಲೂಕೋಸಿನ ಉದ್ದವಾದ ಸರಪಳಿ. ಒಣಗಿದಾಗ ಈ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಿಗಿಹಿಡಿಯುತ್ತವೆ. ತೇವವು ನಡುವೆ ಹೊಕ್ಕರೆ ಆ ಹಿಡಿತ ಸಡಿಲುತ್ತದೆ. ನೀರು ಆರಿಹೋಗುವುದರಿಂದ ತಯಾರಕರು ಸುಲಭವಾಗಿ ಆರದ ಗ್ಲಿಸರಾಲನ್ನು ಬೆರೆಸುತ್ತಾರೆ. ಅದು ಸರಪಳಿಗಳ ನಡುವೆ ನೆಲೆಸಿ ಹಾಳೆಯನ್ನು ಬಾಗುವಂತೆ ಮಾಡುತ್ತದೆ. ಪ್ರಮಾಣ ಮಿತಿಮೀರಿದರೆ ಹಾಳೆಯು ಬಲಗುಂದಿ ತೇವವನ್ನು ಹೀರತೊಡಗುತ್ತದೆ. ದಿನ ಕಳೆದಂತೆ ಸರಪಳಿಗಳು ಮತ್ತೆ ಸಾಲುಗೂಡಿ ಗಡುಸಾಗುವುದೂ ಉಂಟು; ತಂಗಳನ್ನ ಬಿರುಸಾಗುವುದು ಇದೇ ಕ್ರಿಯೆಯಿಂದ.

ಪಾಲಿಲ್ಯಾಕ್ಟಿಕ್ ಆಮ್ಲದ ಹಾಳೆ ಬೇರೆ ಬಗೆಯದು. ಸಕ್ಕರೆಯನ್ನು ಹುದುಗಿಸಿ ಪಡೆದ ಆಮ್ಲದಿಂದ ಅದನ್ನು ತಯಾರಿಸುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಮೆದುವಾಗುತ್ತದೆ. ಮೃದುಕಾರಿಗಳನ್ನು ಸೇರಿಸಿದರೆ ಇನ್ನೂ ಕಡಿಮೆ ಶಾಖಕ್ಕೇ ಮೆದುವಾಗುತ್ತದೆ. ಟಾಲ್ಕ್ ಪುಡಿ ಬೆರೆಸಿದರೆ ಅದರ ಕಣಗಳ ಸುತ್ತ ಸ್ಫಟಿಕಗಳು ಬೆಳೆದು ಶಾಖ ತಾಳುವ ಶಕ್ತಿ ಹೆಚ್ಚುತ್ತದೆ, ಆದರೆ ಸ್ಫಟಿಕಭಾಗವು ಕೊಳೆಯುವುದು ನಿಧಾನ.

ಆರೋಗ್ಯದ ಪ್ರಶ್ನೆ ಬರುವುದು ಇಲ್ಲಿಯೇ. ಮೃದುಕಾರಿಗಳು ಸಾಮಾನ್ಯವಾಗಿ ಸರಪಳಿಗೆ ಬೆಸೆದುಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತವೆ ಅಷ್ಟೆ. ಬಿಸಿ ಮತ್ತು ಎಣ್ಣೆ ತಗುಲಿದಾಗ ಅವು ಆಹಾರಕ್ಕೆ ಇಳಿಯಬಲ್ಲವು. ಗ್ಲಿಸರಾಲ್ ಆಹಾರದಲ್ಲಿಯೂ ಬಳಕೆಯಲ್ಲಿರುವ ವಸ್ತು, ಅದಕ್ಕೆ ಅಂಜಬೇಕಿಲ್ಲ. ಚೀಲದ ಬಣ್ಣ, ಮುದ್ರಣದ ಶಾಯಿ ಮತ್ತು ಹೆಸರು ಕಾಣಿಸದ ಇತರ ಬೆರಕೆಗಳ ವಿಷಯದಲ್ಲಿ ಆ ಧೈರ್ಯ ನಮಗಿಲ್ಲ. ಚೀಲದ ಮೇಲಿನ ಐಎಸ್/ಐಎಸ್ಒ 17088 ಎಂಬ ಗುರುತು ಅದು ಗೊಬ್ಬರವಾಗಬಲ್ಲದೆಂದು ಹೇಳುತ್ತದೆಯೇ ಹೊರತು ಬಿಸಿ ಸಾಂಬಾರಿಗೆ ತಕ್ಕದ್ದೆಂದು ಹೇಳುವುದಿಲ್ಲ. ತರಕಾರಿ, ಹಣ್ಣುಗಳನ್ನು ಅದರಲ್ಲಿ ತರಬಹುದು. ಬಿಸಿ ಪದಾರ್ಥಕ್ಕೆ ಸ್ಟೀಲಿನ ಡಬ್ಬಿಯೇ ಲೇಸು.

ಬಳಸಿದ ಚೀಲವನ್ನು ಹಿತ್ತಿಲ ತಿಪ್ಪೆಗೆ ಎಸೆದರೆ ಸಾಲದು. ಪಾಲಿಲ್ಯಾಕ್ಟಿಕ್ ಆಮ್ಲವು ಬೇಗ ಕೊಳೆಯಲು 58 ಡಿಗ್ರಿಯಷ್ಟು ಶಾಖವು ಹಲವು ವಾರ ನಿಲ್ಲಬೇಕು. ಮನೆಯ ಗೊಬ್ಬರದ ಗುಂಡಿಯಲ್ಲಿ ಅಷ್ಟು ಕಾವು ಬಹುಕಾಲ ಉಳಿಯುವುದು ಅಪರೂಪ.